ಚೆಕಿಂಗ್ ಸಾಹೇಬರ ಗಂಟಲು

ನಮ್ಮ ಮನೆಯ ಹಿಂದಿನ ಮನೆಯ ಕಂಡಕ್ಟರಮ್ಮ ಇಪ್ಪತ್ತಾರು ವರ್ಷದಿಂದ ಬಸ್ಸಿನಲ್ಲಿ ನಿಂತೇ ದುಡಿಯುತ್ತಿದ್ದವರು. ಮನೆಯಲ್ಲಿ ಟೀ ಕುಡಿಯುವಾಗಲೂ ಬಾಗಿಲಿಗೆ ಒರಗಿ, ಕಾಲು ಅಗಲಿಸಿ ನಿಲ್ಲುತ್ತಿದ್ದರು, ನೆಲ ಯಾವಾಗ ಬೇಕಾದರೂ ತಿರುವು ತೆಗೆದುಕೊಳ್ಳಬಹುದು ಎಂಬಂತೆ.

ಅವರ ಹೆಬ್ಬಾತುಗಳೂ ಬಸ್ಸಿನಿಂದಲೇ ಬಂದವು. ಯಾರೋ ಹಿಂದಿನ ಸೀಟಿನಡಿ ಬಿಟ್ಟು ಇಳಿದ ಬುಟ್ಟಿಯಲ್ಲಿ ಎರಡು ಮರಿಗಳಿದ್ದವು. ಮರೆತ ಸಾಮಾನು ನೋಡಿಕೊಳ್ಳುವ ಡಿಪೋ ಗುಮಾಸ್ತ, "ಛತ್ರಿ, ಊಟದ ಡಬ್ಬಿ ಆದ್ರೆ ಇಟ್ಟು ಹೋಗಿ. ಉಸಿರಾಡೋದನ್ನ ತಗೊಳ್ಳೋಕೆ ನನಗೆ ಆರ್ಡರ್ ಇಲ್ಲ" ಎಂದನಂತೆ. ನಾಲ್ಕು ವರ್ಷದಲ್ಲಿ ಎರಡು ಐದಾದವು. ನಾಲ್ಕು ಹೆಣ್ಣು, ಒಂದು ಗಂಡು. ಗಂಡಿಗೆ ಅವರಿಟ್ಟ ಹೆಸರು ಚೆಕಿಂಗ್ ಸಾಹೇಬರು. ಬಂದವರನ್ನೆಲ್ಲ ಕತ್ತು ಚಾಚಿ ಅಡಿಯಿಂದ ಮುಡಿಯವರೆಗೆ ನೋಡಿ, ಇವನು ಟಿಕೆಟ್ ಇಲ್ಲದ ಗಿರಾಕಿಯೇ ಎಂದು ತೀರ್ಮಾನಿಸಿ ಕಿರುಚುವುದು ಅದರ ಉದ್ಯೋಗ. ಸಂಜೆ ಕಂಡಕ್ಟರಮ್ಮ ಸೀಟಿ ಊದಿ, "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದರೆ ಐದೂ ಸಾಲಾಗಿ ಗೂಡು ಸೇರುತ್ತಿದ್ದವು. ಬಸ್ಸಿನ ಜನ ಹಾಗೆ ಮಾತು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಗೂಡು ಇದ್ದದ್ದು ನನ್ನ ಬರೆಯುವ ಕೋಣೆಯ ಕಿಟಕಿಯ ಕೆಳಗೆ, ಕಲ್ಲುಚಪ್ಪಡಿಯ ಮೇಲೆ. ನಾನು ವಾರಕ್ಕೊಂದು ನಗೆಬರಹ ಬರೆಯುವವನು. ಊರಿನವರು ನಗಬೇಕಾದರೆ ನನ್ನ ಸುತ್ತ ಯಾರೂ ಉಸಿರೆತ್ತಬಾರದು ಎಂಬ ಭ್ರಮೆ ನನಗೆ. ಒಂದು ದಿನ ಹೋಗಿ ಹಲ್ಲು ಕಿರಿದು, "ಗೂಡನ್ನ ಸ್ವಲ್ಪ ಆಚೆಗೆ ಹಾಕಿದ್ರೆ..." ಎಂದು ರಾಗ ಎಳೆದೆ.

"ಆಚೆಗೆ ಅಂದ್ರೆ ರೈಲು ದಿಬ್ಬದ ಹತ್ರಾನೇ ಅಣ್ಣಾ. ಆ ಪೊದೇಲಿ ನರಿ ಇದಾವೆ."

"ನರಿ ಎಲ್ಲಮ್ಮ ಈ ಕಾಲದಲ್ಲಿ? ಮಕ್ಕಳ ಪುಸ್ತಕದಲ್ಲಿ ಇರಬೇಕು."

"ನಗ್ಬೇಡಿ. ಅದು ನಮ್ಮ ಬಸ್ಸಿನ ಹಾಗಲ್ಲ, ಟೈಮಿಗೆ ಸರಿಯಾಗಿ ಬರುತ್ತೆ. ನಾನು ಯಾವಾಗ ಹೋಗ್ತೀನಿ, ಯಾವಾಗ ಬರ್ತೀನಿ ಅಂತ ವಾರಗಟ್ಟಲೆ ಕೂತು ನೋಡುತ್ತೆ. ಒಳಗೆ ನುಗ್ಗಿತೋ, ತಿನ್ನೋದು ಒಂದು, ಕೊಲ್ಲೋದು ಸಿಕ್ಕಿದ್ದಷ್ಟೂ." ಆಮೇಲೆ ಅವರೇ ಸೋತರು. "ಹೋಗ್ಲಿ, ನಿಮಗೂ ಕೆಲಸ ಆಗ್ಬೇಕಲ್ಲ. ನರಿ ಬಂದ್ರೆ ಸಾಹೇಬ್ರು ಕೂಗ್ತಾರೆ. ಆಗ ಕಿಟಕಿಯಿಂದ ಒಂದು ಗದರಿಸಿಬಿಡಿ ಅಣ್ಣಾ, ಸಾಕು, ಓಡಿಹೋಗುತ್ತೆ."

"ಅದೇನು ಮಹಾ!" ಎಂದೆ.

ವಾರದ ರಜೆಯ ದಿನ ಅವರೊಬ್ಬರೇ ಗೂಡು ಕಿತ್ತು ದಿಬ್ಬದ ಪಕ್ಕದ ಸಡಿಲ ಮಣ್ಣಿನಲ್ಲಿ ನಿಲ್ಲಿಸಿದರು. ನಾನು ತಂತಿಬಲೆಯ ಒಂದು ತುದಿ ಹಿಡಿದುಕೊಂಡು ಹತ್ತು ನಿಮಿಷ ಸಹಾಯ ಮಾಡಿದೆ. ಅಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು.

ಹನ್ನೊಂದನೆಯ ದಿನ, ಅವರು ಮೊದಲ ಬಸ್ಸಿಗೆ ಹೊರಟುಹೋಗಿ ಚೆನ್ನಾಗಿ ಬೆಳಕಾದ ಮೇಲೆ, ಸಾಹೇಬರು ಶುರುಮಾಡಿದರು. ನನ್ನ ಹೆಂಡತಿ ಹಾಲು ತರಲು ಹೋಗಿದ್ದಳು. ಅಂಚೆಯವನನ್ನು ಕಂಡು ಕೂಗುವ ಕೂಗು ಬೇರೆ, ಇದು ಬೇರೆ. ಅದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆಯಲು ಕೈ ತವಕಿಸುತ್ತಿದೆ, ಆದರೆ ಗೊತ್ತಾಯಿತು. ಎದ್ದು ಕಿಟಕಿಯವರೆಗೂ ಹೋದೆ. ಹೋಗಿ, ಕಿಟಕಿ ಮುಚ್ಚಿದೆ. ಕಿವಿಗೆ ಹತ್ತಿ ತುರುಕಿಕೊಂಡು ಮೇಜಿಗೆ ಮರಳಿದೆ. ಹತ್ತಿಯ ಮೂಲಕವೂ ಅರ್ಧ ಗಂಟೆ ಕೇಳಿಸಿತು. ಆಮೇಲೆ ಇಲ್ಲ.

ಮಧ್ಯಾಹ್ನ ಕಂಡಕ್ಟರಮ್ಮ ಕರೆದರು. ಹೆಗಲಿನ ಚರ್ಮದ ಚೀಲ ಇನ್ನೂ ಇಳಿಸಿರಲಿಲ್ಲ. ಬಲೆಯ ಕೆಳಗೆ ಬೊಗಸೆಯಗಲದ ಒಂದು ಬಿಲ. ಎರಡು ಹೆಣ್ಣು ಸತ್ತು ಬಿದ್ದಿದ್ದವು, ಒಂದು ಇರಲೇ ಇಲ್ಲ. ಉಳಿದೊಂದನ್ನು ಮೂಲೆಗೆ ಒತ್ತಿಕೊಂಡು ಸಾಹೇಬರು ನಿಂತಿದ್ದರು.

"ಅಣ್ಣಾ, ಬೆಳಿಗ್ಗೆ ಮನೇಲೇ ಇದ್ರಲ್ಲ. ಸಾಹೇಬ್ರು ಕೂಗಿದ್ರಾ?"

"ಇಲ್ಲಮ್ಮ" ಎಂದೆ. ಒಂದು ಸುಳ್ಳಿಗೆ ಅಷ್ಟೇ ಸಾಕಿತ್ತು. ನಾನು ಬರೆಯುವವನು ನೋಡಿ, "ಸದ್ದೇ ಇರಲಿಲ್ಲ" ಎಂದು ಇನ್ನೊಂದು ಸೇರಿಸಿದೆ.

ಆಗ ಸಾಹೇಬರು ನನ್ನತ್ತ ಕತ್ತು ಚಾಚಿ ಕೊಕ್ಕು ತೆರೆದರು. ಎಣ್ಣೆ ಕಾಣದ ಗೇಟಿನ ಹಾಗೆ ಒಂದು ಕಿರ್ ಬಂತು, ಅಷ್ಟೇ.

"ಅಯ್ಯೋ, ಗಂಟಲೇ ಹೋಗಿದೆ!" ಎಂದರು ಅವರು. "ಯಾವಾಗ ಹೋಯ್ತೋ, ನಾನು ನೋಡ್ಲೇ ಇಲ್ಲ. ಪಾಪ, ಕೂಗ್ಬೇಕು ಅಂತ ಬಾಯಿ ಬಿಟ್ಟಿರ್ತಾರೆ, ಸದ್ದು ಬಂದಿರಲ್ಲ." ಹೆಗಲಿನ ಚೀಲ ನೆಲಕ್ಕಿಳಿಸಿ, "ಕಾವಲಿಗೆ ಅಂತ ಇಟ್ಕೊಂಡಿದ್ದು. ಗಂಟಲಿಲ್ಲದ ಮೇಲೆ ಇನ್ನೇನು? ಈ ಹೆಣ್ಣನ್ನ ತಂಗಿ ಮನೆಗೆ ಬಿಡ್ತೀನಿ. ಸಾಹೇಬ್ರನ್ನ ನಮ್ಮ ಕ್ಯಾಂಟೀನ್ ಅಡುಗೆಯವನು ಬಹಳ ದಿನದಿಂದ ಕೇಳ್ತಿದ್ದ. ಭಾನುವಾರ ಬಾ ಅಂತೀನಿ" ಎಂದು ಮುಖ ಆ ಕಡೆ ತಿರುಗಿಸಿದರು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಇದ್ದಳು. "ಕೇಳಿಸ್ಲಿಲ್ಲ ಅಂದ್ರಾ?"

"ಹೂಂ."

"ಬಚ್ಚಲಲ್ಲಿ ಬಿದ್ದಿದ್ದ ಹತ್ತಿ ಯಾರದ್ದು? ನಾನೇ ಎತ್ತಿ ಬಿಸಾಕಿದೆ." ಪಾತ್ರೆ ಕುಕ್ಕಿ ಇಟ್ಟಳು. "ಹಕ್ಕಿಗೆ ಮಾತು ಬರಲ್ಲ ಅಂತ ತಾನೇ ನಿಮಗೆ ಇಷ್ಟು ಧೈರ್ಯ?"

ಭಾನುವಾರಕ್ಕೆ ಮೂರು ದಿನವಿತ್ತು. ಆ ಮೂರು ದಿನ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಕಂಡಕ್ಟರಮ್ಮ ಕೆಲಸಕ್ಕೆ ಹೋದಾಗ ಬೇಲಿಯ ಮೇಲಿಂದ ಸಾಹೇಬರಿಗೆ ನೆನೆಸಿದ ಬ್ರೆಡ್ಡು, ಉಗುರುಬೆಚ್ಚಗಿನ ನೀರು ಕೊಟ್ಟೆ. ಗಂಟಲು ಸರಿಹೋದರೆ ಸಾಹೇಬರೂ ಉಳಿಯುತ್ತಾರೆ, ನಾನು ನಿಜ ಬಾಯಿ ಬಿಡುವ ಕೆಲಸವೂ ತಪ್ಪುತ್ತದೆ. ಹೀಗೆ ಒಂದು ಹೆಬ್ಬಾತಿನ ಗಂಟಲಿಗಾಗಿ ದೇವರಲ್ಲಿ ಮೊರೆಯಿಟ್ಟೆ. ಸಾಹೇಬರು ಬ್ರೆಡ್ಡು ತಿಂದರು. ಕಿರ್ ಮಾತ್ರ ಕಿರ್ ಆಗಿಯೇ ಉಳಿಯಿತು.

ಭಾನುವಾರ ನಾಲ್ಕಕ್ಕೆ ಅಡುಗೆಯವನು ಗೋಣಿಚೀಲ ಹಿಡಿದು ಬಂದ. ಅವನು ಚೀಲದ ಬಾಯಿ ಬಿಡಿಸಿದ್ದು ನನ್ನ ಕಿಟಕಿಯಿಂದ ಕಂಡಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ತಡೀರಿ. ಅದು ಕೂಗಿತ್ತು."

"ಎಲ್ಲಿ ಸಾರ್?" ಅಡುಗೆಯವನು ನಕ್ಕ. "ಹಿಡಿಯೋಕೆ ಹೋದ್ರೂ ಉಸಿರು ಬಿಡ್ತಿಲ್ಲ ಇದು."

"ಆವತ್ತು ಕೂಗಿತ್ತು. ಅರ್ಧ ಗಂಟೆ. ಕೂಗಿ ಕೂಗಿಯೇ ಗಂಟಲು ಹೋಗಿದ್ದು. ನಾನು ಕಿಟಕಿ ಮುಚ್ಕೊಂಡೆ. ನಿಮಗೆ ಸುಳ್ಳು ಹೇಳಿದೆ ಕಣಮ್ಮ."

ಬೈಗುಳಕ್ಕೆ ತಯಾರಾಗಿ ನಿಂತೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ತಲೆತಗ್ಗಿಸಿ ಕೇಳಿಸಿಕೊಂಡು, ಅಲ್ಲಿಗೆ ಚುಕ್ತಾ ಆಯಿತು ಎಂದುಕೊಳ್ಳಬಹುದಿತ್ತು. ಕಂಡಕ್ಟರಮ್ಮ ಅಡುಗೆಯವನ ಕೈಯಿಂದ ಚೀಲ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅವನಿಗೇ ಕೊಟ್ಟು, "ನೀನು ಹೊರಡಪ್ಪಾ" ಎಂದರು. ಸಾಹೇಬರತ್ತ ಬಗ್ಗಿ, "ಅರ್ಧ ಗಂಟೆ ಕೂಗಿದ್ರಾ?" ಎಂದು ಅವರನ್ನೇ ಕೇಳಿದರು. ನಂತರ ನನ್ನ ಕಡೆ ತಿರುಗಿದರು.

"ಅಷ್ಟು ಹೊತ್ತು ಏನು ಬರೀತಿದ್ರಿ?"

ಆ ಬೆಳಿಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

"ಏನೂ ಇಲ್ಲಮ್ಮ."

ಅವರು ಒಳಗೆ ಹೋಗಿ ಬೋಗುಣಿಯಲ್ಲಿ ನೀರು ತಂದರು. ನಾನು ಗೂಡಿನ ಬಾಗಿಲಿಗೆ ಅಡ್ಡ ನಿಂತಿದ್ದೆ.

"ಸ್ವಲ್ಪ ದಾರಿ ಬಿಡಿ" ಎಂದರು. ಬಿಟ್ಟೆ.