ನಾಲ್ಕು ಇಲಿಗಳು ಮತ್ತು ಸುಭದ್ರಕ್ಕನ ಒದ್ದೆ ಸೀರೆ

ಸುಭದ್ರಕ್ಕ, ನಿಮ್ಮ ನೋವು ನಿಜವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಿಮ್ಮ ಮನೆಯವರ ಎದುರಿಗೆ, ಅದು ಬರೀ ನೆಪ ಎಂಬಂತೆ ಮಾತಾಡಿದೆ. ಆರು ವರ್ಷವಾಯಿತು.

ಮೈಸೂರಿನಿಂದ ಗಂಗೆಯ ದಡದ ಈ ಊರಿನ ವಿಶ್ವವಿದ್ಯಾಲಯಕ್ಕೆ ಕೆಲಸಕ್ಕೆ ಬಂದವಳಿಗೆ ಹನುಮಾನ್ ಘಾಟಿನ ನಿಮ್ಮ ಮನೆಯ ಮೇಲಿನ ಕೋಣೆ ಕೊಟ್ಟಿರಿ. ನಿಮ್ಮ ಸಾರು ತಿಂದೇ ನಾನು ಈ ಊರಿನಲ್ಲಿ ಬೇರು ಬಿಟ್ಟದ್ದು. ನಾನು ಏನು ಕೆಲಸ ಮಾಡುತ್ತೇನೆಂದು ನೀವು ಕೇಳಿದಾಗಲೆಲ್ಲ "ಇಲಿ ಕಾಯುತ್ತೇನೆ" ಎಂದು ನಗಿಸುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ, ಕೇಳಿ.

ಇಲಿಯ ಕಾಲಿನ ಒಂದು ನರವನ್ನು ಬಿಗಿದು ಕಟ್ಟುತ್ತೇವೆ. ಗಾಯ ಮಾಯುತ್ತದೆ, ನೋವು ಉಳಿಯುತ್ತದೆ. ಕೂದಲೆಳೆಯಂಥ ನೈಲಾನ್ ದಾರ ಪಾದಕ್ಕೆ ತಾಗಿದರೂ ಸಾಕು, ಇಲಿ ಕಾಲು ಸೆಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಮಿದುಳಿನಲ್ಲಿ ಏನಾಗುತ್ತದೆಂದು ಸಣ್ಣ ತಂತಿಯಿಟ್ಟು ನೋಡುತ್ತೇವೆ. ನೋವಿದ್ದಲ್ಲೆಲ್ಲ ಮಿದುಳಿನ ಆ ಭಾಗ ಕೆರಳಿರುತ್ತದೆ — ಇದು ನಾನು ಹೊರಡಿಸಿದ ತೀರ್ಮಾನ. ನಾಲ್ಕು ಇಲಿಗಳು ಮಾತ್ರ ಅದನ್ನು ಒಪ್ಪಲಿಲ್ಲ. ದಾರ ತಾಗಿದರೆ ಕಾಲು ಸೆಳೆಯುತ್ತಿದ್ದವು, ಮಿದುಳು ನೋಡಿದರೆ ಶಾಂತ.

ನಮ್ಮಲ್ಲಿ ಒಂದು ಶಿಸ್ತಿದೆ. ತಂತಿ ಸರಿಯಾದ ಜಾಗದಲ್ಲಿತ್ತೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು, ಯಾವ ಇಲಿಯದು ಯಾವ ಫಲಿತಾಂಶ ಎಂಬ ಪಟ್ಟಿಯನ್ನು ಆಮೇಲೆ ಬಿಚ್ಚಬೇಕು. ನಾನು ಪಟ್ಟಿಯನ್ನೇ ಮೊದಲು ಬಿಚ್ಚಿದೆ. ನಂತರ ಆ ನಾಲ್ಕರ ಮುಂದೆ "ತಂತಿ ಸರಿದಿದೆ" ಎಂದು ಬರೆದು ಲೆಕ್ಕದಿಂದ ತೆಗೆದುಹಾಕಿದೆ. ತಂತಿ ಸರಿದಿರಲಿಲ್ಲ. ಲೇಖನ ಅಚ್ಚಾಯಿತು, ಎಲ್ಲರೂ ಹೊಗಳಿದರು. ನೀವು ಪಾಯಸ ಮಾಡಿದಿರಿ — ಅದನ್ನೂ ಕುಡಿದೆ.

ಆ ವರ್ಷವೇ ನಿಮಗೆ ಸರ್ಪಸುತ್ತು ಎದ್ದದ್ದು. ಗುಳ್ಳೆಗಳು ಒಣಗಿದವು, ಬಲಪಕ್ಕೆಯ ಉರಿ ಹೋಗಲಿಲ್ಲ. ಶ್ರಾದ್ಧಕ್ಕೆಂದು ಊರಿನಿಂದ ಬರುವ ಯಾತ್ರಿಕರಿಗೆ ನಿಮ್ಮ ಮನೆಯ ಮಡಿಯಂತೆ ನೀವು ಗಂಗೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಅಡುಗೆ ಮಾಡಬೇಕು. ಆ ಸೀರೆ ಪಕ್ಕೆಗೆ ತಾಗಿದರೆ ಕೆಂಡ ಇಟ್ಟಂತಾಗುತ್ತದೆ, ಒಣಬಟ್ಟೆ ಉಟ್ಟು ಮಾಡುತ್ತೇನೆ ಎಂದಿರಿ. ನಿಮ್ಮ ಯಜಮಾನರು, ಭಟ್ಟರು, ಒಪ್ಪಲಿಲ್ಲ. ಕೆಲಸ ತಪ್ಪಿಸಿಕೊಳ್ಳುವ ಉಪಾಯ ಎಂದು ಮಗನೂ ದನಿಗೂಡಿಸಿದ. ಕೊನೆಗೆ ಭಟ್ಟರು, ನೀವು ಎಲೆ ಹಾಕುತ್ತಿರುವಾಗಲೇ, ನನ್ನನ್ನು ಕೇಳಿದರು.

"ಮೇಡಂ, ನೀವು ದಿಮಾಗಿನ ಮೇಲೇ ಕೆಲಸ ಮಾಡೋರು. ಇವಳ ತಲೆಸುತ್ತಿಗೆ ತೆಗೆಸಿದ ಸ್ಕ್ಯಾನಿನಲ್ಲಿ ಏನೂ ಇಲ್ಲ. ಈ ದರ್ದು ನಿಜವೇನು, ಹೇಳಿಬಿಡಿ."

ಅಂಥ ಸ್ಕ್ಯಾನಿನಲ್ಲಿ ನೋವು ಕಾಣಿಸುವುದಿಲ್ಲ ಎಂದು ಹೇಳಬೇಕಿತ್ತು. ಮಿದುಳು ಶಾಂತವಾಗಿ ಕಂಡರೂ ನೋವಿರಬಹುದು, ನಾಲ್ಕು ಇಲಿಗಳಲ್ಲಿ ಕಣ್ಣಾರೆ ನೋಡಿದ್ದೇನೆ ಎಂದು — ಆದರೆ ನಿಮ್ಮನ್ನು ಒಪ್ಪಿದರೆ ಆ ಇಲಿಗಳನ್ನೂ ಒಪ್ಪಬೇಕಾಗುತ್ತಿತ್ತು.

"ನಿಜವಾದ ನೋವಾಗಿದ್ದರೆ ಮಿದುಳಿನಲ್ಲಿ ಗುರುತು ಇರಲೇಬೇಕು" ಎಂದೆ.

ನೀವು ನನ್ನ ಕಡೆ ನೋಡಲಿಲ್ಲ. ಮಾರನೆಯ ದಿನ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತಿದ್ದಿರಿ. ಎರಡೇ ಬೆರಳಲ್ಲಿ ಸೀರೆಯನ್ನು ಪಕ್ಕೆಯಿಂದ ದೂರ ಹಿಡಿದು ಇನ್ನೊಂದು ಕೈಯಲ್ಲಿ ಸೌಟು ತಿರುಗಿಸುತ್ತಿದ್ದಿರಿ. ದಾರ ತಾಗಿದ ಪಾದವನ್ನು ಸಾವಿರ ಸಲ ನೋಡಿದವಳು ನಾನು, ನನಗೆ ಅರ್ಥವಾಗದೆ ಇದ್ದೀತೆ? ಒಂದೇ ತಿಂಗಳಲ್ಲಿ ಕೆಲಸ ದೂರವಾಗುತ್ತದೆಂದು ಸುಳ್ಳು ಹೇಳಿ ಕೋಣೆ ಖಾಲಿ ಮಾಡಿದೆ. ನಾಚಿಕೆ ನನ್ನನ್ನು ಓಡಿಸಿತು.

ಹೋದ ವಾರ ಬಂಗಾಲಿ ಟೋಲಾದಲ್ಲಿ ತರಕಾರಿಯವನ ಮುಂದೆ ನೀವು ಸಿಕ್ಕಿದಿರಿ. ಕೈಯಲ್ಲಿ ಚೀಲ, ಇನ್ನೊಂದು ಕೈಯ ಎರಡು ಬೆರಳಲ್ಲಿ ಸೀರೆ — ಇನ್ನೂ ಹಾಗೆಯೇ. ಅಲ್ಲೇ, ಗಲ್ಲಿಯಲ್ಲೇ, ಎಲ್ಲವನ್ನೂ ಹೇಳಿಬಿಟ್ಟೆ. ನೀವು ಬೈಯುತ್ತೀರಿ ಎಂದುಕೊಂಡಿದ್ದೆ, ಬೈಯಬೇಕಿತ್ತು. ನೀವು ಕೇಳಿದ್ದು ಒಂದೇ ಮಾತು.

"ಇದನ್ನ ಅವರ ಮುಂದೆ ಹೇಳ್ತೀಯೇನೆ, ಮಾಲತಿ?"

ಆಗ ತಲೆಯಾಡಿಸಿದೆ ಅಷ್ಟೆ. ಈಗ ಹಿಂದೆ ಸರಿಯಬಾರದೆಂದು ಬರೆದು ಕಳಿಸುತ್ತಿದ್ದೇನೆ. ಆ ನಾಲ್ಕು ಇಲಿಗಳ ಮಿದುಳಿನ ತೆಳು ಚೂರುಗಳನ್ನು ಅಂಟಿಸಿದ, ತಂತಿ ಎಲ್ಲಿತ್ತೆಂದು ತೋರಿಸುವ ಗಾಜಿನ ಪಟ್ಟಿಗಳು ನನ್ನ ಕಪಾಟಿನಲ್ಲೇ ಇದ್ದವು. ಅವುಗಳ ಚಿತ್ರ ತೆಗೆದು, ನಾನು ಮಾಡಿದ್ದನ್ನು ಇದ್ದ ಹಾಗೆ ಬರೆದು, ಲೇಖನ ಹಿಂತೆಗೆಯಿರಿ ಎಂದು ಪತ್ರಿಕೆಗೆ ನಿನ್ನೆ ಕಳಿಸಿದೆ. ವಿಭಾಗದ ಮುಖ್ಯಸ್ಥರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಕೆಲಸ ಹೋಗಬಹುದು. ಹೋಗಲಿ.

ಭಾನುವಾರ ಮಧ್ಯಾಹ್ನ ಬರುತ್ತೇನೆ. ಭಟ್ಟರೂ ಮಗನೂ ಊಟಕ್ಕೆ ಕೂತಿರುವಾಗ ಕನ್ನಡದಲ್ಲಿ ಹೇಳುತ್ತೇನೆ. ಸೊಸೆಗೂ ಮೊಮ್ಮಕ್ಕಳಿಗೂ ತಿಳಿಯಲೆಂದು ಹಿಂದಿಯಲ್ಲಿ ಇನ್ನೊಮ್ಮೆ ಹೇಳುತ್ತೇನೆ. ನನಗೆ ಎಲೆ ಹಾಕಬೇಡಿ. ನಾನು ಹೇಳಿ ಮುಗಿಸುವವರೆಗೆ ನೀವು ಒಣಸೀರೆ ಉಟ್ಟು ಕೂತಿರಿ, ಸುಭದ್ರಕ್ಕ. ಅವತ್ತು ನಾನೇ ಬಡಿಸುತ್ತೇನೆ.