ಬಾಯಿಬಿಟ್ಟು ಓದುವವಳು

ನನ್ನ ಮಗಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಖಾಸಗಿ ಶಾಲೆಗೆ ಹಾಕಿದೆವು. ಚಿಕ್ಕವಳ ಸರದಿ ಬರುವಾಗ ಅಳಿಯನ ಕಾರ್ಖಾನೆ ಮುಚ್ಚಿತ್ತು. ಅವಳು ಸರ್ಕಾರಿ ಶಾಲೆಗೆ ಹೋದಳು. ನಾನು ಹೇಳುತ್ತಿರುವುದು ಈ ಚಿಕ್ಕವಳ ವಿಷಯ.

ದೊಡ್ಡವಳ ಶಾಲೆಯಲ್ಲಿ ಮಗುವಿಗೊಂದು ಪುಸ್ತಕ, ಮಗುವಿಗೊಂದು ಮೇಜು. ಓದುವಾಗ ತುಟಿ ಅಲುಗಿದರೆ ಟೀಚರ್ ಗದರುತ್ತಿದ್ದರು. ಹಾಗಾಗಿ ಅವಳು ಮನಸ್ಸಿನಲ್ಲೇ ಓದುತ್ತಾಳೆ, ಬೇಗ ಓದುತ್ತಾಳೆ. ಯಾವ ಆಫೀಸಿಗೆ ಹೋದರೂ ತಡವರಿಸದೆ ಮಾತಾಡುತ್ತಾಳೆ. ಅದು ಆ ಶಾಲೆ ಕೊಟ್ಟದ್ದು, ನಾನು ಇಲ್ಲವೆನ್ನುವುದಿಲ್ಲ.

ಚಿಕ್ಕವಳ ಶಾಲೆಗೆ ಪುಸ್ತಕ ಬರುತ್ತಿದ್ದದ್ದು ಅರ್ಧ ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ನಾಲ್ವರಿಗೆ ಒಂದು ಹಳೇ ಪುಸ್ತಕ. ಒಬ್ಬಳು ಗಟ್ಟಿಯಾಗಿ ಓದಬೇಕು, ಮೂವರು ಕೇಳಬೇಕು, ತಪ್ಪಿದರೆ ತಡೆಯಬೇಕು. ಮೇಷ್ಟ್ರು ಅದನ್ನು ‘ಕೇಳಿಸೋ ಓದು’ ಎನ್ನುತ್ತಿದ್ದರು. ಹತ್ತು ವರ್ಷ ಹಾಗೆ ಓದಿ ಅವಳಿಗೆ ಬಾಯಿ ಮುಚ್ಚಿಕೊಂಡು ಓದುವುದೇ ಬಾರದಾಯಿತು. ಬಸ್ಸಿನ ಬೋರ್ಡನ್ನೂ ಕೂಗಿ ಓದುತ್ತಿದ್ದಳು.

“ಇವಳ ಜೊತೆ ನಾನು ಬರಲ್ಲ. ಜನ ಕಂಡಕ್ಟರ್ ಅಂದ್ಕೊಂಡು ಟಿಕೆಟ್ ಕೇಳ್ತಾರೆ” ಎಂದು ಅಕ್ಕ ಗೊಣಗುತ್ತಿದ್ದಳು.

ಮುಂದೆ ಅವಳು ಔಷಧಿ ಕೆಲಸ ಕಲಿತು, ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಗೆ ಸೇರಿದಳು. ಮೂರು ತಿಂಗಳು ನೋಡಿ ಖಾಯಂ ಮಾಡುವುದು, ಇಲ್ಲವೇ ಮನೆಗೆ ಕಳಿಸುವುದು. ಅಲ್ಲೂ ಚೀಟಿಯನ್ನು ಗಟ್ಟಿಯಾಗಿ ಓದಿಯೇ ಮಾತ್ರೆ ತೆಗೆಯುವಳು. ಪಕ್ಕದ ಕಿಟಕಿಯ ಮೇಲ್ವಿಚಾರಕಿಗೆ ಅದು ಹಿಡಿಸಲಿಲ್ಲ. ಕೊನೇ ವಾರದ ಸೋಮವಾರ ಹೇಳಿಯೇಬಿಟ್ಟರು: “ಇದೇನು ಮಗ್ಗಿ ಒಪ್ಪಿಸೋ ಕ್ಲಾಸಾ? ಇದನ್ನ ಬಿಡದಿದ್ರೆ ಶನಿವಾರ ವರದಿಯಲ್ಲಿ ಬೇಡ ಅಂತ್ಲೇ ಬರೀತೀನಿ.”

ನಾಲ್ಕು ದಿನ ತುಟಿ ಕಚ್ಚಿಕೊಂಡು ಕೆಲಸ ಮಾಡಿದಳು. ಗುರುವಾರ ರಾತ್ರಿ ನನ್ನ ಹತ್ತಿರ ಬಂದು ಕೂತಳು.

“ಅಜ್ಜಿ, ಕಿವಿಗೆ ಬೀಳದೆ ಹೋದ್ರೆ ಸರಿಯಾಗಿ ಓದಿದ್ದೀನಿ ಅಂತ ನಂಬಿಕೆನೇ ಬರಲ್ಲ.”

“ಹಾಗಾದ್ರೆ ಓದೇ. ಕೆಲಸ ಹೋದ್ರೆ ಹೋಗ್ಲಿ, ತಪ್ಪು ಮಾತ್ರೆ ಹೋಗ್ಬಾರ್ದು.”

ಶುಕ್ರವಾರ ಒಬ್ಬರು ಮುದುಕರು ಚೀಟಿ ಕೊಟ್ಟರು. ಅವಳು ಮತ್ತೆ ಗಟ್ಟಿಯಾಗಿಯೇ ಓದಿದಳು: “ವಯಸ್ಸು ಐದು. ಕೆಮ್ಮಿನ ಔಷಧಿ, ಅರ್ಧ ಚಮಚ.”

“ಐದಾ! ನಂಗೆ ಎಪ್ಪತ್ತೈದು ಕಣಮ್ಮ. ಬಂದಿರೋದು ಸೊಂಟನೋವಿಗೆ. ಹಾಲುಹಲ್ಲು ಬಂದ್ರೆ ಹೇಳಿ ಕಳಿಸ್ತೀನಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಒಂದೇ ಹೆಸರಿನ ಇಬ್ಬರ ಚೀಟಿ ಡಾಕ್ಟರ ಬಾಗಿಲಲ್ಲೇ ಅದಲುಬದಲಾಗಿತ್ತು. ಹಾಗಾದರೆ ಮುದುಕರ ನೋವಿನ ಮಾತ್ರೆ ಎಲ್ಲಿ? ಮೇಲ್ವಿಚಾರಕಿ ಆಗಲೇ ಅದನ್ನು ಮಾತಿಲ್ಲದೆ ಕಟ್ಟಿ, ಮಗು ಎತ್ತಿಕೊಂಡಿದ್ದ ತಾಯಿಗೆ ಕೊಟ್ಟು ಕಳಿಸಿದ್ದರು. ಆ ತಾಯಿಗೂ ನನ್ನಂತೆ ಓದು ಅಷ್ಟಕ್ಕಷ್ಟೇ. ಚಿಕ್ಕವಳು ಗೇಟಿನವರೆಗೆ ಓಡಿ, ಬಸ್ಸು ಹತ್ತುತ್ತಿದ್ದವಳನ್ನು ತಡೆದು ಪೊಟ್ಟಣ ವಾಪಸು ತಂದಳು.

ಮೇಲ್ವಿಚಾರಕಿ ಪೊಟ್ಟಣ ಬಿಚ್ಚಿ, ಚೀಟಿಯ ಜೊತೆ ಹೋಲಿಸಿ ನೋಡಿದರು. ಶನಿವಾರ ಅವಳ ಎದುರಿಗೇ ವರದಿಯಲ್ಲಿ ‘ಖಾಯಂ ಮಾಡಿ’ ಎಂದು ಬರೆದು ಸಹಿ ಹಾಕಿದರು. “ಸ್ವಲ್ಪ ಮೆಲ್ಲಗೆ ಓದು ತಾಯಿ, ಅಷ್ಟೇ” ಎಂದರಂತೆ.

ದೊಡ್ಡವಳು ಎಲ್ಲ ಕೇಳಿಸಿಕೊಂಡು, “ನಾನಾಗಿದ್ರೆ ಸುಮ್ನೆ ಕೊಟ್ಟು ಕಳಿಸಿಬಿಡ್ತಿದ್ದೆ ಕಣೇ” ಎಂದಳು. ಸುಲಭವಾಗಿ ಸೋತೆ ಎಂದು ಒಪ್ಪಿಕೊಳ್ಳುವ ಹುಡುಗಿಯಲ್ಲ ಅವಳು, ಆದರೂ ಒಪ್ಪಿಕೊಂಡಳು. ಆ ದಿನ ಇಬ್ಬರನ್ನೂ ನೋಡಿ ನನ್ನ ಎದೆ ತುಂಬಿತು.