ಕಾಶೀಬಾಯಿ ಕೂಸಾದ ದಿನ

ಮೊನ್ನೆ ಬಬಲೇಶ್ವರದ ಒಂದು ಅಂಗಡಿಯಲ್ಲಿ ಮಾರ್ಕರ್ ಪೆನ್ನು ಬರೆಯುತ್ತದೋ ಇಲ್ಲವೋ ನೋಡೋಣವೆಂದು ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡದೊಂದು ಆಕಳಿಕೆ ಬಂತು. ಅಂಗಡಿಯವನು ಪಾಪ, "ನಿದ್ದಿ ಆಗಿಲ್ಲೇನ್ರಿ ಬಾಯಾರ?" ಎಂದ. ನಿದ್ದೆ ಚೆನ್ನಾಗಿಯೇ ಆಗಿತ್ತು. ಏನು ಮಾಡಲಿ ಹೇಳಿ, ಇಷ್ಟು ವರ್ಷಗಳ ತರಬೇತಿಯಲ್ಲಿ ನನ್ನ ಮೈ ಗಟ್ಟಿಯಾಗಿ ಕಲಿತ ಪಾಠ ಅದೊಂದೇ. ಮಾರ್ಕರಿನ ವಾಸನೆ ಬಂತೆಂದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ದುಡಿಯಲು ಹೋಗುವ ತಾಯಂದಿರು ಹಗಲು ಹೊತ್ತು ಮಕ್ಕಳನ್ನು ಬಿಟ್ಟುಹೋಗುವ ಸಣ್ಣ ಶಿಶುಪಾಲನಾ ಕೇಂದ್ರವೊಂದನ್ನು ನಾನು ಬಬಲೇಶ್ವರದಲ್ಲಿ ನೋಡಿಕೊಳ್ಳುತ್ತೇನೆ. ನಮ್ಮಂಥವರಿಗೆ ವರ್ಷಕ್ಕೊಮ್ಮೆ ವಿಜಯಪುರದಲ್ಲಿ ತರಬೇತಿ ಆಗಲೇಬೇಕು. ಆಗದಿದ್ದರೆ ಕೆಲಸ ಮುಂದುವರಿಯುವುದಿಲ್ಲ. ಸೊಲ್ಲಾಪುರ ರಸ್ತೆಯ ಒಂದು ಸಭಾಂಗಣ, ಅದಕ್ಕೆ ಅಂಟಿಕೊಂಡೇ ವೆಲ್ಡಿಂಗ್ ಅಂಗಡಿ. ಒಳಗೆ ತರಬೇತಿ ಕೊಡುವ ಮೇಡಂ ಬಿಳಿ ಹಲಗೆಯ ಮೇಲೆ ಮಾರ್ಕರಿನಿಂದ ಬರೆಯುತ್ತ, "ಮಕ್ಕಳ ಜೊತಿ ಮೆತ್ತಗ ಮಾತಾಡಬೇಕು" ಎಂದು ಗಂಟಲು ಹರಿಯುವಂತೆ ಕೂಗಿ ಹೇಳುವರು. ಹೊರಗೆ ಕಬ್ಬಿಣ ಅದಕ್ಕಿಂತ ಜೋರಾಗಿ ಚೀರುವುದು. ಟಿಕೋಟಾದವರು ತಂದ ಒಣದ್ರಾಕ್ಷಿ ಹಿಂದಿನ ಸಾಲಿನಲ್ಲಿ ಕೈಯಿಂದ ಕೈಗೆ ದಾಟುವುದು. ಬಾಯಲ್ಲಿ ದ್ರಾಕ್ಷಿ ಇದ್ದಾಗ ಪ್ರಶ್ನೆ ಕೇಳಿದರೆ ಗಂಭೀರವಾಗಿ ತಲೆಯಾಡಿಸುವುದರಲ್ಲಿ ನಾವೆಲ್ಲ ಪಳಗಿದವರು.

ಕೆಲವು ವರ್ಷಗಳ ಹಿಂದೆ ಆಯಾಗಳೂ ತರಬೇತಿಗೆ ಬರಬೇಕು ಎಂಬ ಹೊಸ ನಿಯಮ ಬಂತು. ನಮ್ಮ ಆಯಾ ಕಾಶೀಬಾಯಿ ಕೆಂಡವಾದಳು. ಐದು ಮಕ್ಕಳನ್ನು ಹೆತ್ತವಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು, ದನಿಯೆತ್ತಿದರೆ ಓಣಿಯ ನಾಯಿಯೂ ಕುಳಿತುಬಿಡುತ್ತಿತ್ತು.

"ಕೂಸಿನ ಕುಂಡಿ ತೊಳಿಯೂದು ನನಗ ಅವರು ಕಲಸ್ತಾರೇನ್ರಿ? ಆ ಮೇಡಂಗ ಮದವಿ ಆಗೇತೇನು ಮದಲ ಕೇಳ್ರಿ!"

"ಹೋಗದಿದ್ರ ಕೆಲಸ ಇರಂಗಿಲ್ಲ ಕಾಶೀಬಾಯಿ" ಎಂದೆ.

"ಉಪ್ಪಿಟ್ಟರ ಕೊಡ್ತಾರೋ ಇಲ್ಲೋ?" ಎಂದು ಕೇಳಿ, ಕೊಡುತ್ತಾರೆ ಎಂದ ಮೇಲೆ ಒಪ್ಪಿದಳು.

ಆ ದಿನಗಳಲ್ಲಿ ನಮ್ಮಲ್ಲಿ ಆಯಿಷಾ ಎಂಬ ಮೂರು ವರ್ಷದ ಹುಡುಗಿ ಹೊಸದಾಗಿ ಸೇರಿದ್ದಳು. ತಾಯಿ ಶಬಾನಾ ವಿಜಯಪುರದಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಆಟಿಕೆ ನೋಡುತ್ತಿರುವಾಗ ಹಿಂದಿನಿಂದ ನುಸುಳಿ ಹೋಗು ಎಂದು ನಾವೇ ಅವಳಿಗೆ ಹೇಳಿಕೊಟ್ಟಿದ್ದೆವು. ತಿರುಗಿ ನೋಡಿದ ಆಯಿಷಾಳ ಚೀರಾಟ ಬಸ್ ನಿಲ್ದಾಣದ ತನಕ ಕೇಳುತ್ತಿತ್ತು. ಶಬಾನಾ ಅರ್ಧ ದಾರಿಯಿಂದ ವಾಪಸು ಓಡಿಬರುವಳು, ಬಸ್ಸು ತಪ್ಪುವುದು. ಇನ್ನೊಂದು ವಾರ ಹೀಗೇ ಆದರೆ ಬರುವುದೇ ಬೇಡ ಎಂದು ಮಾಲೀಕ ಹೇಳಿಬಿಟ್ಟಿದ್ದ. ಕಾಶೀಬಾಯಿಯ ಹತ್ತಿರ ಒಂದೇ ಮದ್ದು: "ಬಾಯಿ ಮುಚ್ಚು, ಸೂಜಿ ಚುಚ್ಚೋ ಡಾಕ್ಟರ್ ಬಂದ ನೋಡು!" ಆಯಿಷಾ ಸುಮ್ಮನಾಗುತ್ತಿದ್ದಳು. ಆದರೆ ಊಟ ಮುಟ್ಟುತ್ತಿರಲಿಲ್ಲ.

ತರಬೇತಿಯ ದಿನ ಉಪ್ಪಿಟ್ಟಿನ ನಂತರ ಮೇಡಂ ಒಂದು ನಾಟಕ ಮಾಡಿಸಿದರು. ಟಿಕೋಟಾದ ಸರೋಜಾಳಿಗೆ ತಾಯಿಯ ಪಾತ್ರ, ನನಗೆ ಆಯಾಳದು. ಕೂಸು ಯಾರು ಎಂದಾಗ ಎಲ್ಲರೂ ಕಾಶೀಬಾಯಿಯನ್ನು ಮುಂದಕ್ಕೆ ತಳ್ಳಿದರು. ಅವಳ ಬಿಳಿಗೂದಲಿಗೆ ಯಾರೋ ರಿಬ್ಬನ್ ಕಟ್ಟಿದರು. ಅಷ್ಟು ದೊಡ್ಡ ಹೆಂಗಸು ಸೀರೆ ಸಾವರಿಸಿಕೊಂಡು ನೆಲಕ್ಕೆ ಕೂತು, "ಯವ್ವಾ!" ಎಂದು ಅತ್ತಳು ನೋಡಿ, ವೆಲ್ಡಿಂಗ್ ಅಂಗಡಿಯವನು ಕಪ್ಪು ಕನ್ನಡಕ ಹಣೆಗೇರಿಸಿಕೊಂಡು ಕಿಟಕಿಯಲ್ಲಿ ಇಣುಕಿದ. ನಾವು ನಕ್ಕು ನಕ್ಕು ಸುಸ್ತಾದೆವು.

ಸರೋಜಾ ಸದ್ದಿಲ್ಲದೆ ಹೊರಗೆ ಜಾರಿದಳು. ಅಳುವ ಕೂಸನ್ನು ಸುಮ್ಮನಾಗಿಸಬೇಕಾದವಳು ನಾನು. ನನಗೆ ಗೊತ್ತಿದ್ದದ್ದಾದರೂ ಏನು? ಕಾಶೀಬಾಯಿಯ ಮದ್ದನ್ನೇ ಕಾಶೀಬಾಯಿಗೆ ಕುಡಿಸಿದೆ. ಸೊಂಟಕ್ಕೆ ಕೈಯಿಟ್ಟು, ಮೇಲಿನಿಂದ ಬಗ್ಗಿ ಅಬ್ಬರಿಸಿದೆ: "ಬಾಯಿ ಮುಚ್ಚು! ಡಾಕ್ಟರ್ ಬಂದ, ಸೂಜಿ ತಂದಾನ! ನಿಮ್ಮವ್ವ ಬರಂಗಿಲ್ಲ ಹೋಗು!"

ಕಾಶೀಬಾಯಿ ಬಾಗಿಲ ಕಡೆ ತಿರುಗಿದಳು. ಸರೋಜಾ ಇರಲಿಲ್ಲ. ವರಾಂಡದಲ್ಲಿ ಚಹಾ ಕುಡಿಯುತ್ತಿದ್ದಾಳೆಂದು ಅವಳಿಗೂ ಗೊತ್ತಿತ್ತು. ಆದರೂ ಅವಳ ಮುಖದ ನಗು ಇಳಿದುಹೋಯಿತು. ಥಟ್ಟನೆ ಸುಮ್ಮನಾದಳು.

"ಬಾಯಾರು ಗೆದ್ರು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ತಟ್ಟಲಿಲ್ಲ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದರು, "ಅಳು ನಿಂತಿತಲ್ಲ ಕಾಶೀಬಾಯಿ, ಹೆಂಗ ನಿಂತಿತು?"

"ನಿಂತಿಲ್ರೀ ಮೇಡಂ" ಎಂದಳು ಕಾಶೀಬಾಯಿ. "ಒಳಗ ಹೋತು."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಸೀಟಿಗೂ ಜಗಳ ಮಾಡಲಿಲ್ಲ. ರಿಬ್ಬನ್ ತಲೆಯಲ್ಲೇ ಇತ್ತು. ತೆಗಿ ಎನ್ನುವ ಧೈರ್ಯ ನನಗಾಗಲಿಲ್ಲ. ಇಳಿಯುವಾಗ ಒಂದೇ ಮಾತು: "ಬಾಯಾರ, ಆಯಿಷಾನ ತಾಯಿಗೆ ಹೇಳ್ರಿ. ಕಳ್ಳರಂಗ ಓಡಿ ಹೋಗಬ್ಯಾಡ, ಮಗಳಿಗೆ ಹೇಳೇ ಹೋಗು ಅನ್ರಿ."

ಮರುದಿನ ಶಬಾನಾ ಮಗಳ ಮುಂದೆ ಕೂತು, "ಕೆಲಸಕ್ಕ ಹೋಗಿ ಸಂಜೀಕ ಬರ್ತೀನಿ ಬೇಟಾ" ಎಂದಳು. ಆಯಿಷಾ ಎಂದಿಗಿಂತ ಎರಡರಷ್ಟು ಅತ್ತಳು. ಶಬಾನಾಳೂ ಅತ್ತಳು. ತರಬೇತಿ ನಮ್ಮ ಮನೆ ಹಾಳು ಮಾಡಿತು ಎಂದುಕೊಂಡೆ. ಕಾಶೀಬಾಯಿ ಮಾತ್ರ ಶಬಾನಾಳನ್ನು ಬಸ್ಸಿಗೆ ಕಳಿಸಿ, ಹೊಸ್ತಿಲಲ್ಲಿ ಮಗುವಿನ ಪಕ್ಕ ಕೂತುಬಿಟ್ಟಳು.

"ಅಳ್ ತಂಗಿ, ಎಷ್ಟ ಬೇಕು ಅಷ್ಟ ಅಳು. ನಾ ಎಲ್ಲಿಗೂ ಹೋಗಂಗಿಲ್ಲ."

ಕಸ ಗುಡಿಸಿದ್ದು ನಾನು, ಅನ್ನಕ್ಕಿಟ್ಟದ್ದು ನಾನು. ಮರುದಿನವೂ ಹಾಗೇ, ಅದರ ಮರುದಿನವೂ. ಇವಳು ತರಬೇತಿಯ ಹೆಸರಲ್ಲಿ ಆರಾಮ ಮಾಡುತ್ತಿದ್ದಾಳೋ ಎಂಬ ಅನುಮಾನವೂ ನನಗೆ ಬಂತು. ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ ಆಯಿಷಾ ಬಿಕ್ಕುತ್ತಲೇ ಕಾಶೀಬಾಯಿಯ ತಟ್ಟೆಗೆ ಕೈ ಹಾಕಿ ಒಂದು ತುತ್ತು ತಿಂದಳು. ಕಾಶೀಬಾಯಿ ನನ್ನ ಕಡೆ ನೋಡಿ, ಮಾತಾಡಬೇಡಿ ಎಂದು ಕಣ್ಣಲ್ಲೇ ಗದರಿಸಿದಳು. ಶಬಾನಾಳ ಕೆಲಸ ಉಳಿಯಿತು.

ಆಮೇಲೆ ಕಾಶೀಬಾಯಿಯನ್ನು ಹಿಡಿಯುವವರಿಲ್ಲ. ಒಮ್ಮೆ ಬಸ್ಸಿನಲ್ಲಿ ಯಾರೋ ತಾಯಿ ಮಗನಿಗೆ, "ಸುಮ್ಮ ಕೂಡು, ಕಂಡಕ್ಟರ್ ಹಿಡಕೊಂಡು ಹೋಗ್ತಾನ" ಎಂದಳು. ಕಾಶೀಬಾಯಿ ಎದ್ದೇ ನಿಂತಳು. "ಯಾಕ ಬೇ? ಕಂಡಕ್ಟರ್ ಏನ್ ಮಕ್ಕಳನ್ನ ತಿಂತಾನ?" ಕಂಡಕ್ಟರೂ ತಿರುಗಿ, "ನಾನೂ ರೊಟ್ಟಿನ ತಿಂತೀನವ್ವಾ" ಎಂದ. ಬಸ್ಸೆಲ್ಲ ನಕ್ಕಿತು. ಮುಂದಿನ ವರ್ಷದ ತರಬೇತಿಗೆ ಅವಳು ನನಗಿಂತ ಮೊದಲೇ ಸೀರೆ ಉಟ್ಟು ನಿಂತಿದ್ದಳು. ನಾನು ತೂಕಡಿಸಿದರೆ ಮೊಣಕೈಯಿಂದ ತಿವಿಯುತ್ತಿದ್ದಳು.

ಈಗ ಅವಳು ಕೆಲಸ ಬಿಟ್ಟು ಜೈನಾಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ಮೊನ್ನೆ ಮಾರ್ಕರ್ ಕೊಂಡು ಕೇಂದ್ರಕ್ಕೆ ಬಂದರೆ, ಹೊಸದಾಗಿ ಸೇರಿದ ಒಬ್ಬ ಪುಟ್ಟ ಹುಡುಗ ಬಾಗಿಲಲ್ಲಿ ಅಳುತ್ತ ನಿಂತಿದ್ದ. ಸೂಜಿಯ ಡಾಕ್ಟರ್ ನನ್ನ ನಾಲಿಗೆಯ ತುದಿಯವರೆಗೆ ಬಂದಿದ್ದ, ಸುಳ್ಳು ಯಾಕೆ ಹೇಳಲಿ. ನುಂಗಿಕೊಂಡು ಮೊಣಕಾಲು ಹಿಡಿದುಕೊಂಡು ಅವನ ಪಕ್ಕ ಕೂತೆ. ಇಬ್ಬರೂ ರಸ್ತೆ ನೋಡಿದೆವು. ಜೀಪು ಹೋಯಿತು, ಆಡು ಹೋಯಿತು. ಅವನು ಮೂಗು ಏರಿಸುತ್ತ ನನ್ನನ್ನೇ ದಿಟ್ಟಿಸಿ ಕೇಳಿದ, "ನಿಮ್ಮವ್ವನೂ ನಿನ್ನ ಬಿಟ್ಟು ಹೋಗ್ಯಾಳೇನು?"

ನಮ್ಮವ್ವ ತೀರಿಕೊಂಡು ಬಹಳ ವರ್ಷವಾಯಿತು. "ಹೂಂಪಾ, ಹೋಗ್ಯಾಳ" ಎಂದೆ.

ಅವನು ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ. ಆಮೇಲೆ ಇನ್ನಷ್ಟು ಹತ್ತಿರ ಸರಿದು ಕೂತ.